ಲಂಕೆಗೆ ಹೊರಡುವ ಮುನ್ನ ಗಾಳಿಯ ದಿಕ್ಕು ಕೇಳಿ

ಮಾರ್ಗಶಿರದ ಹುಣ್ಣಿಮೆ ನಮಗೆ ಹೊಸ್ತಿಲ ಹುಣ್ಣಿಮೆ. ಶ್ರೀಲಂಕಾದಲ್ಲಿ ಅದನ್ನು ಉಂಡುವಪ್ ಪೋಯ ಎನ್ನುತ್ತಾರೆ. ಅಂದಿನಿಂದ ಶ್ರೀಪಾದ ಬೆಟ್ಟದ ಮೆಟ್ಟಿಲುಗಳ ಉದ್ದಕ್ಕೂ ದೀಪ ಹೊತ್ತಿಕೊಳ್ಳುತ್ತದೆ, ಚಹಾ ಅಂಗಡಿಗಳು ಬಾಗಿಲು ತೆರೆಯುತ್ತವೆ. 2,243 ಮೀಟರ್ ಎತ್ತರದ ಶಿಖರದಲ್ಲಿ ಸೂರ್ಯೋದಯ ಕಾಣಬೇಕೆಂದು ಯಾತ್ರಿಕರು ರಾತ್ರಿಯಿಡೀ ಹತ್ತುತ್ತಾರೆ. ಮೇ ತಿಂಗಳಲ್ಲಿ, ವೈಶಾಖದ ಹುಣ್ಣಿಮೆಗೆ, ಯಾತ್ರೆ ಮುಗಿಯುತ್ತದೆ. ಆಮೇಲೆ ಆ ಬೆಟ್ಟ ಮಳೆಗೂ ಮಂಜಿಗೂ ಸೇರಿದ್ದು.

ಹವಾಮಾನ ಇಲಾಖೆಗಳು ಹುಟ್ಟುವ ಎಷ್ಟೋ ಮೊದಲೇ ಅಲ್ಲಿನ ಜನ ಈ ಎರಡು ಹುಣ್ಣಿಮೆಗಳನ್ನು ಗುರುತಿಟ್ಟುಕೊಂಡಿದ್ದರು. ಚಳಿಗಾಲದಲ್ಲಿ ದ್ವೀಪದ ಪಶ್ಚಿಮದ ಇಳಿಜಾರು ಒಣಗಿರುತ್ತದೆ ಎಂಬ ತಿಳಿವು ಅದರೊಳಗಿದೆ. ಆದರೆ ಅದೇ ದಿನಗಳಲ್ಲಿ, ಅಲ್ಲಿಂದ ಇನ್ನೂರು ಕಿಲೋಮೀಟರ್ ದೂರದ ತ್ರಿಕೋಣಮಲೆಯಲ್ಲಿ ವರ್ಷದ ಅತಿ ಹೆಚ್ಚು ಮಳೆ ಸುರಿಯುತ್ತಿರುತ್ತದೆ. ಡಿಸೆಂಬರ್ ಒಂದೇ ತಿಂಗಳಲ್ಲಿ ಅಲ್ಲಿ ಸರಾಸರಿ 300 ಮಿಲಿಮೀಟರ್‌ಗೂ ಹೆಚ್ಚು ಮಳೆ. ಜೂನ್‌ನಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ.

ಕರ್ನಾಟಕದಿಂದ ಹೊರಡುವವರು ಎಡವುವುದು ಇಲ್ಲೇ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ನಮ್ಮಲ್ಲಿ ಹಿಂಗಾರು ಮುಗಿದಿರುತ್ತದೆ. ಬಯಲುಸೀಮೆಯ ಜೋಳ, ಕಡಲೆ ಇಬ್ಬನಿ ಕುಡಿದು ನಿಂತಿರುತ್ತವೆ. ಒಂದೂವರೆ ಗಂಟೆಯ ವಿಮಾನದ ದಾರಿ ತಾನೇ, ಅಲ್ಲೂ ಹೀಗೇ ಇರಬಹುದು ಎಂದುಕೊಳ್ಳುತ್ತೇವೆ. ರಾಮಾಯಣ ಯಾತ್ರೆಯ ಹೆಸರಿನಲ್ಲಿ ತ್ರಿಕೋಣಮಲೆಯ ಕೋಣೇಶ್ವರ, ಸೀತಾ ಎಲಿಯದ ಸೀತಮ್ಮನ ಗುಡಿ, ಗಾಲೆಯ ಕಡಲತೀರ ಎಲ್ಲವನ್ನೂ ಒಂದೇ ವಾರಕ್ಕೆ ಹೊಂದಿಸುತ್ತೇವೆ. ಆದರೆ ನಮ್ಮಲ್ಲಿ ಮುಗಿದ ಹಿಂಗಾರು ಆ ದ್ವೀಪದಲ್ಲಿ ಇನ್ನೂ ನಡೆದಿರುತ್ತದೆ. ಶ್ರೀಲಂಕಾದ ಹವಾಮಾನ ಲೆಕ್ಕದಲ್ಲಿ ಈಶಾನ್ಯ ಮಾರುತದ ಕಾಲವೆಂದರೆ ಡಿಸೆಂಬರ್‌ನಿಂದ ಫೆಬ್ರವರಿ.

ಸೂರ್ಯ ದಕ್ಷಿಣಕ್ಕೆ ಸರಿದಂತೆ ಸಮಭಾಜಕದ ಆಸುಪಾಸಿನ ಮಳೆಪಟ್ಟಿಯೂ ಅವನ ಹಿಂದೆ ಹೋಗುತ್ತದೆ. ಇಂಡೊನೇಷ್ಯಾದ ಬಾಲಿಗೆ ಜನವರಿ ಜಡಿಮಳೆಯ ತಿಂಗಳಾಗುವುದು ಇದರಿಂದಲೇ. ಇತ್ತ ಏಷ್ಯಾದ ನೆಲ ತಣ್ಣಗಾಗಿ, ಅದರ ಮೇಲಿನ ಗಾಳಿ ಭಾರವಾಗಿ ದಕ್ಷಿಣದ ಕಡಲಿನತ್ತ ಹರಿಯುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ ತಿರುಗಿಸುವುದರಿಂದ ಅದು ಈಶಾನ್ಯದಿಂದ ಬೀಸುವ ಗಾಳಿಯಾಗುತ್ತದೆ. ಹೊರಟಾಗ ಒಣಗಿದ್ದ ಈ ಗಾಳಿ ಬಂಗಾಳ ಕೊಲ್ಲಿಯ ಬೆಚ್ಚನೆಯ ನೀರಿನ ಮೇಲೆ ಸಾಗುತ್ತ ಹೊಟ್ಟೆ ತುಂಬ ತೇವ ಹೀರಿ ಲಂಕೆಯ ಪೂರ್ವತೀರ ಮುಟ್ಟುತ್ತದೆ.

ದ್ವೀಪದ ನಡುವೆ ಎರಡು ಸಾವಿರ ಮೀಟರ್ ಮೀರುವ ಬೆಟ್ಟಗಳಿವೆ. ಗಾಳಿ ಅವನ್ನು ಹತ್ತುವಾಗ ತಣಿದು ಮೋಡವಾಗಿ ಮೂಡಣ ಮಗ್ಗುಲಲ್ಲೇ ಸುರಿದುಬಿಡುತ್ತದೆ. ಪಡುವಣಕ್ಕೆ ಇಳಿಯುವಾಗ ಮತ್ತೆ ಬಿಸಿಯಾಗಿ, ಒಣಗುತ್ತದೆ. ಕನ್ನಡಿಗರಿಗೆ ಇದು ಗೊತ್ತಿರುವ ಕಥೆಯೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ನೇರ ಅಳೆದರೆ ಇನ್ನೂರು ಕಿಲೋಮೀಟರೂ ಇಲ್ಲದ ಚಳ್ಳಕೆರೆ ಮಳೆಯ ನೆರಳಿನಲ್ಲಿ ಬಾಯಾರಿ ಕೂತಿದೆ. ವ್ಯತ್ಯಾಸವೆಂದರೆ, ನಮ್ಮ ಘಟ್ಟಕ್ಕೆ ದೊಡ್ಡ ಮಳೆ ತರುವುದು ಪಡುವಣ ಗಾಳಿಯೊಂದೇ. ಲಂಕೆಯ ಬೆಟ್ಟಗಳಿಗೆ ಎರಡೂ ಕಡೆಯಿಂದ ಸರದಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ನೆನೆದರೆ, ಚಳಿಗಾಲದಲ್ಲಿ ಪೂರ್ವ ನೆನೆಯುತ್ತದೆ.

ಇದನ್ನು ಕಣ್ಣಾರೆ ಕಾಣಬೇಕೆಂದರೆ ಕ್ಯಾಂಡಿಯಿಂದ ಬದುಲ್ಲದ ಕಡೆ ಹೋಗುವ ರೈಲು ಹತ್ತಬೇಕು. ದ್ವೀಪದ ಅತಿ ಎತ್ತರದ ನಿಲ್ದಾಣ ಪಟ್ಟಿಪೊಲ, ಸುಮಾರು 1,890 ಮೀಟರ್. ಅದನ್ನು ದಾಟಿದರೆ ಒಂದು ಸುರಂಗ, ಅದೇ ಜಲವಿಭಜಕ. ಎಷ್ಟೋ ದಿನ ಸುರಂಗದ ಈಚೆ ಬಿಸಿಲು, ಆಚೆ ಮಂಜು ಮಳೆ. ಕತ್ತಲಿನ ಆ ಒಂದೆರಡು ನಿಮಿಷದಲ್ಲಿ ಋತುವೇ ಬದಲಾದಂತಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಸುರಂಗಕ್ಕೆ ಮೊದಲೇ ಅವರನ್ನು ಕಿಟಕಿಯ ಬಳಿ ಕೂರಿಸಬೇಕು. ಮಳೆಯ ನೆರಳು ಎಂದರೇನು ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ತರಗತಿ ಇನ್ನೊಂದಿಲ್ಲ.

ಆದ್ದರಿಂದ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕಡಲು ಬಯಸುವವರು ನೈಋತ್ಯ ತೀರ ಹಿಡಿಯಲಿ: ಗಾಲೆ, ಉನವಟುನ, ಮಿರಿಸ್ಸ. ಆಗ ಅಲ್ಲಿ ಅಲೆಗಳು ತಗ್ಗಿರುತ್ತವೆ, ಮಿರಿಸ್ಸದಿಂದ ನೀಲಿ ತಿಮಿಂಗಿಲ ನೋಡಲು ದೋಣಿಗಳು ಹೊರಡುತ್ತವೆ. ತ್ರಿಕೋಣಮಲೆ, ನೀಲಾವೇಲಿಯ ಕಡಲನ್ನು ಬೇಸಿಗೆ ರಜೆಗೆ ಉಳಿಸಿಕೊಳ್ಳುವುದು ಮೇಲು. ಡಿಸೆಂಬರ್ ಮೊದಲ ವಾರಗಳಲ್ಲಿ ಪಶ್ಚಿಮದಲ್ಲೂ ಮಧ್ಯಾಹ್ನದ ಮೇಲೆ ಗುಡುಗುಮಳೆ ಬರುವುದುಂಟು. ಸುತ್ತಾಟ ಬೆಳಿಗ್ಗೆಯೇ ಮುಗಿದರೆ ಅದು ಅಡ್ಡಿಯಲ್ಲ.

ಸರಾಸರಿಯ ಅಂಕಿಯನ್ನು ಮಾತ್ರ ನಂಬಿ ಕೂರಬಾರದು. ಈ ಮಳೆ ತಿಂಗಳಿಡೀ ಸಮನಾಗಿ ಹಂಚಿಕೊಂಡು ಬೀಳುವುದಿಲ್ಲ. ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಮೂರು ನಾಲ್ಕು ದಿನ ಎಡೆಬಿಡದೆ ಹೊಯ್ದು, ಮತ್ತೆ ವಾರಗಟ್ಟಲೆ ಬಿಸಿಲು ಕಾಯಬಹುದು. ಕುಸಿತ ಬಲವಾದರೆ ಚಂಡಮಾರುತ. 1978ರ ನವೆಂಬರ್‌ನಲ್ಲಿ ಮಟ್ಟಕ್ಕಳಪ್ಪಿನ ಕರಾವಳಿಯನ್ನು ಅಂಥದೊಂದು ನೆಲಸಮ ಮಾಡಿತು. 1964ರ ಡಿಸೆಂಬರ್ 22ರಂದು ಉತ್ತರ ಲಂಕೆಯನ್ನು ಹಾದ ಚಂಡಮಾರುತವೇ ಆ ರಾತ್ರಿ ಧನುಷ್ಕೋಡಿಯನ್ನು ಕಡಲಿಗೆ ಸೇರಿಸಿತು. ರಾಮೇಶ್ವರಕ್ಕೆ ಹೋದ ಕನ್ನಡಿಗರೆಲ್ಲ ಅಲ್ಲಿನ ಮುರಿದ ಗೋಡೆಗಳನ್ನು ನೋಡಿರುತ್ತಾರೆ. ಡಿಸೆಂಬರ್ 22 ಎಂದರೆ ನಾವು ರಜೆ ಗುರುತು ಹಾಕಿಕೊಳ್ಳುವ ಅದೇ ತಾರೀಕು. ಇಂದು ಉಪಗ್ರಹಗಳು ಇಂಥ ಕುಸಿತವನ್ನು ಹಲವು ದಿನ ಮೊದಲೇ ಕಾಣುತ್ತವೆ. ಹಾಗಾಗಿ ಹೊರಡುವ ಹಿಂದಿನ ವಾರ ಹವಾಮಾನ ಇಲಾಖೆಯ ಪ್ರಕಟಣೆ ಓದುವುದು, ಪ್ರವಾಸದಲ್ಲಿ ಒಂದು ದಿನ ಖಾಲಿ ಬಿಡುವುದು ಎರಡೂ ಬೇಕು. ಬೆಟ್ಟದ ದಾರಿಗಳಲ್ಲಿ ಮಳೆಗಿಂತ ಗುಡ್ಡ ಕುಸಿತದ ಭಯ ದೊಡ್ಡದು. ಅಲ್ಲಿನ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಭೂಕುಸಿತಕ್ಕೆ ಮೂರು ಹಂತದ ಎಚ್ಚರಿಕೆ ಕೊಡುತ್ತದೆ. ಕೊಡಗಿನ 2018ರ ಆಗಸ್ಟ್‌ನ ಭೂಕುಸಿತ ಕಂಡ ನಮಗೆ ಆ ಎಚ್ಚರಿಕೆಯ ಬೆಲೆ ಹೇಳಿಕೊಡಬೇಕಿಲ್ಲ.

ಉಡುಪಿನ ವಿಷಯ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೊಲಂಬೊದಲ್ಲಿ ಜನವರಿ ರಾತ್ರಿಯೂ 22 ಡಿಗ್ರಿ. ಬೆಟ್ಟದ ಮೇಲಿನ ನುವಾರ ಎಲಿಯದಲ್ಲಿ ಹತ್ತಕ್ಕಿಂತ ಕೆಳಗೆ ಹೋಗಿ, ಕೆಲವು ಬೆಳಗು ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ. ಸ್ವೆಟರು, ಛತ್ರಿ ಎರಡೂ ಒಂದೇ ಚೀಲದಲ್ಲಿರಲಿ.

ಕೊಲಂಬೊದ ಸೆಕೆ ಮಂಗಳೂರಿನವರಿಗೆ ಹೊಸದಲ್ಲ, ಬೆಂಗಳೂರಿನವರಿಗೆ ಮೊದಲ ದಿನ ಸುಸ್ತು ತರಬಹುದು. ಲಂಡನ್ನಿನಿಂದಲೋ ಟೊರಾಂಟೊದಿಂದಲೋ ಬರುವ ನಮ್ಮ ಮಕ್ಕಳು ಹೆಚ್ಚು ಎಚ್ಚರವಾಗಿರಬೇಕು. ಗಾಳಿಯೇ ತೇವದಿಂದ ತುಂಬಿರುವಾಗ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಸೆಕೆಗೆ ದೇಹ ಪೂರ್ತಿ ಹೊಂದಿಕೊಳ್ಳಲು ಒಂದೆರಡು ವಾರ ಬೇಕು, ಅಷ್ಟರಲ್ಲಿ ರಜೆಯೇ ಮುಗಿದಿರುತ್ತದೆ. ಬಿಸಿಲೂ ಅಷ್ಟೇ. ಡಿಸೆಂಬರ್ 21ರ ನಡುಹಗಲು ಲಂಡನ್ನಿನಲ್ಲಿ ಸೂರ್ಯ ದಿಗಂತದಿಂದ ಬರೀ 15 ಡಿಗ್ರಿ ಮೇಲಿರುತ್ತಾನೆ, ಕೊಲಂಬೊದಲ್ಲಿ 60 ಡಿಗ್ರಿ. ಅಷ್ಟು ನೇರವಾಗಿ ಬೀಳುವ ಕಿರಣದ ನೇರಳಾತೀತ ಭಾಗ ತೆಳುಮೋಡವನ್ನೂ ದಾಟಿ ಚರ್ಮ ಸುಡುತ್ತದೆ.

ಮಳೆ ನಿಂತ ಮೇಲೆ ಬರುವ ಇನ್ನೊಂದು ಕಾಟ ಡೆಂಗಿ. ಎರಡು ಮಳೆಗಾಲವಿರುವ ಈ ನಾಡಿನಲ್ಲಿ ಡೆಂಗಿಯೂ ವರ್ಷಕ್ಕೆ ಎರಡು ಸಲ ಏರುತ್ತದೆ, ಎರಡನೆಯ ಏರು ವರ್ಷದ ಕೊನೆಯ ಸುತ್ತಮುತ್ತ. ಈ ಸೊಳ್ಳೆ ಹಗಲಲ್ಲಿ ಕಚ್ಚುವುದರಿಂದ ರಾತ್ರಿಯ ಪರದೆಯೊಂದೇ ಸಾಲದು, ತುಂಬುತೋಳಿನ ಬಟ್ಟೆ ಬೇಕು.

ಇಷ್ಟಾದರೂ, ನನ್ನನ್ನು ಕೇಳಿದರೆ, ಒಣ ತೀರವನ್ನಷ್ಟೇ ನೋಡಿ ಮರಳುವುದು ನಷ್ಟ. ಜನವರಿಯಲ್ಲಿ ಎರಡು ದಿನ ನೆನೆಯಲು ಸಿದ್ಧರಿದ್ದರೆ ಪೊಲೊನ್ನರುವಕ್ಕೆ ಹೋಗಿ. 12ನೇ ಶತಮಾನದಲ್ಲಿ ಪರಾಕ್ರಮಬಾಹು ಕಟ್ಟಿಸಿದ ಪರಾಕ್ರಮ ಸಮುದ್ರ ಎಂಬ ಕೆರೆ ಅಲ್ಲಿದೆ. ವರ್ಷದ ಬಹುಪಾಲು ಒಣಗಿರುವ ಆ ಸೀಮೆಗೆ ದೊಡ್ಡ ಮಳೆ ಬರುವುದು ಈ ಕಾಲದಲ್ಲೇ. ಈ ಮಳೆಯನ್ನು ನಂಬಿ ಬಿತ್ತುವ ಭತ್ತಕ್ಕೆ ಅಲ್ಲಿನವರು ಮಹಾ ಬೆಳೆ ಎನ್ನುತ್ತಾರೆ. ಏರಿಯ ಮೇಲೆ ನಿಂತರೆ ಒಂದು ಕಡೆ ಮೂಡಗಾಳಿಗೆ ತೆರೆ ಎದ್ದ ತುಂಬು ಕೆರೆ, ಇನ್ನೊಂದು ಕಡೆ ತೂಬಿನ ನೀರು ಕಾಲುವೆ ಹಿಡಿದು ಹೋಗುವ ಹಸಿರು ಗದ್ದೆ. ಮೋಡ ಕವಿದಿರುತ್ತದೆ. ಬದುವಿನ ಮೇಲೆ ರೈತರು ಛತ್ರಿ ಹಿಡಿದು ನಡೆಯುತ್ತಿರುತ್ತಾರೆ.