ಶಾಲಾ ಪ್ರವಾಸ ಮತ್ತು ಕಡಲಿನ ಉಬ್ಬರವಿಳಿತ

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬಂಗಾರಪೇಟೆ, ಕೆ.ಜಿ.ಎಫ್. ತಾಲ್ಲೂಕುಗಳಿಂದ ಕರಾವಳಿಗೆ ಹೊರಡುವ ಮಕ್ಕಳೂ ಬೇತಮಂಗಲದಂತಹ ಕೆರೆಗಳನ್ನು ಕಂಡು ಬೆಳೆದವರು. ಮಳೆಗೆ ಏರಿ ಬೇಸಿಗೆಗೆ ಇಳಿಯುವ ನೀರನ್ನು ಅವರು ಬಲ್ಲರು. ಗಂಟೆಗಳಲ್ಲಿ ಏರಿಳಿಯುವ ನೀರನ್ನಲ್ಲ.

ಚಂದ್ರನ ಸೆಳೆತವು ಭೂಮಿಯ ಸಮೀಪದ ಬದಿಯಲ್ಲಿ ಹೆಚ್ಚು, ದೂರದ ಬದಿಯಲ್ಲಿ ಕಡಿಮೆ. ಈ ವ್ಯತ್ಯಾಸದಿಂದ ಸಾಗರವು ಎರಡೂ ಬದಿಗಳಲ್ಲಿ ಉಬ್ಬುತ್ತದೆ. ಆದುದರಿಂದ ಕರ್ನಾಟಕದ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಇಂದು ಬೆಳಿಗ್ಗೆ 10 ಗಂಟೆಗೆ ಉಬ್ಬರವಿದ್ದರೆ ನಾಳೆ ಅದು ಸುಮಾರು 10.50ಕ್ಕೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯನ ಸೆಳೆತವೂ ಕೂಡುವುದರಿಂದ ಏರಿಳಿತ ಹೆಚ್ಚು. (ಕೆರೆಯ ಮೇಲೂ ಈ ಸೆಳೆತವಿದೆ, ಅಷ್ಟು ಕಿರಿದಾದ ನೀರಿನಲ್ಲಿ ಅದು ಕಾಣದು.)

ಬಂದರುವಾರು ಉಬ್ಬರದ ವೇಳಾಪಟ್ಟಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯು ಪ್ರತಿವರ್ಷ ಪ್ರಕಟಿಸುತ್ತದೆ. ಆದರೆ ಇಳಿತದ ವೇಳೆಯನ್ನು ಸುರಕ್ಷಿತ ವೇಳೆಯೆಂದು ಭಾವಿಸುವುದು ತಪ್ಪು. ನದೀಮುಖಗಳಲ್ಲಿ ಇಳಿತದ ನೀರೇ ಕಡಲಿನತ್ತ ರಭಸದಿಂದ ಎಳೆಯುತ್ತದೆ. ಅಲೆಗಳು ದಡಕ್ಕೆ ತಂದ ನೀರು ಹಿಂದಿರುಗುವಾಗ ಉಂಟಾಗುವ ಸೆಳವು ಈ ಪಟ್ಟಿಯಲ್ಲಿ ಇರುವುದೇ ಇಲ್ಲ.

ಶಾಲಾಭಿವೃದ್ಧಿ ಸಮಿತಿಯಲ್ಲಿ ಪ್ರವಾಸದ ಪ್ರಸ್ತಾವ ಬಂದಾಗ ಆ ದಿನದ ಉಬ್ಬರದ ವೇಳೆ, ಅಲೆಗಳ ಮುನ್ನೆಚ್ಚರಿಕೆ ಹಾಗೂ ತೀರದಲ್ಲಿ ಜೀವರಕ್ಷಕರ ಹಾಜರಿಯನ್ನು ಸದಸ್ಯರು ವಿಚಾರಿಸತಕ್ಕದ್ದು.