ಶ್ವಾನ ಪ್ರದರ್ಶನದ ಸಂತೋಷ

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಮಳೆಗಾಲದ ಕೊನೆಗೆ ಸಾಮಾನ್ಯವಾಗಿ ನಡೆಯುವ ಕೃಷಿ ಮೇಳಕ್ಕೆ ಜನರು ಹೋಗುವುದು ಬೀಜ, ಗೊಬ್ಬರ, ಯಂತ್ರಗಳನ್ನು ನೋಡುವುದಕ್ಕೆ ಎಂಬುದು ವಾಡಿಕೆಯ ಮಾತು. ಆದರೆ ಆ ಮೇಳದಲ್ಲಿ ಶ್ವಾನ ಪ್ರದರ್ಶನವನ್ನೂ ಏರ್ಪಡಿಸುವುದುಂಟು. ಅಂತಹ ದಿನ ಅಲ್ಲಿ ನಿಂತು ನೋಡಿದವರಿಗೆ, ಟ್ರ್ಯಾಕ್ಟರುಗಳ ಸುತ್ತ ಇದ್ದ ಜನರಲ್ಲಿ ಅರ್ಧಪಾಲು ಹಗ್ಗ ಕಟ್ಟಿದ ಅಂಗಳದ ಕಡೆಗೆ ಸರಿದು ಬರುವ ಸೋಜಿಗ ಕಾಣಿಸುವುದು. ಒಳಗೆ ಹುಬ್ಬಳ್ಳಿಯ ವಿದ್ಯಾನಗರದಿಂದ ಬಂದ ವೈದ್ಯರೊಬ್ಬರು ತಮ್ಮ ಲ್ಯಾಬ್ರಡಾರ್ ನಾಯಿಯನ್ನು ಹಿಡಿದು ನಿಂತಿರುವರು. ಅವರ ಪಕ್ಕದಲ್ಲಿ ಬಾಗಲಕೋಟೆಯ ಕಡೆಯ ರೈತನೊಬ್ಬನು ಪಟಗಾ ಸುತ್ತಿಕೊಂಡು, ಬಿಲ್ಲಿನಂತೆ ಬೆನ್ನು ಬಾಗಿದ ಮುಧೋಳ ನಾಯಿಯೊಂದನ್ನು ಹಿಡಿದಿರುವನು. ಬೇರೆ ಯಾವ ಸಂದರ್ಭದಲ್ಲಿಯೂ ಈ ಇಬ್ಬರೂ ಒಬ್ಬರನ್ನೊಬ್ಬರು ಮಾತನಾಡಿಸುತ್ತಿರಲಿಲ್ಲ. ಇಲ್ಲಿ ಮಾತ್ರ, “ಎಷ್ಟ ತಿಂಗಳದ್ದರಿ ಇದು?” ಎಂದು ಒಬ್ಬರು ಕೇಳಿದರೆ ಸಾಕು, ಅರ್ಧ ಗಂಟೆಯ ಸಂಭಾಷಣೆಗೆ ಅದೇ ನಾಂದಿ.

ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾಯುವುದು, ನಾಯಿಗೆ ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು, ಬಾಡಿಗೆಯ ವಾಹನಕ್ಕೆ ಹಣ ತೆರುವುದು, ಕಡೆಗೆ ಬಹುಮಾನವಿಲ್ಲದೆ ಮರಳುವುದು. ಇಷ್ಟೆಲ್ಲ ಕಷ್ಟದಲ್ಲಿ ಸುಖವೆಲ್ಲಿದೆ ಎಂದು ನಾಯಿ ಸಾಕದವರು ಕೇಳುವುದು ಸಹಜವೇ. ನಾವೂ ಒಂದು ಕಾಲದಲ್ಲಿ ಹಾಗೆಯೇ ಕೇಳುತ್ತಿದ್ದೆವು.

ನಾಯಿಯ ವಿಷಯದಲ್ಲಿ ನಮ್ಮ ಮನಸ್ಸು ಎಂದಿನಿಂದಲೂ ಇಬ್ಬಗೆಯಾದುದು. ಬೈಯುವಾಗ ನಾಯಿಯ ಹೆಸರೆತ್ತುತ್ತೇವೆ. ಕಷ್ಟವನ್ನು ನಾಯಿಪಾಡು ಎನ್ನುತ್ತೇವೆ. ಆದರೆ ಇದೇ ನಾಡಿನಲ್ಲಿ ಮೈಲಾರಲಿಂಗನ ಗೊರವರು ತಮ್ಮನ್ನು ಆ ದೇವರ ನಾಯಿಗಳೆಂದು ಹೆಮ್ಮೆಯಿಂದ ಭಾವಿಸಿಕೊಳ್ಳುವರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಿಲಾಶಾಸನವು ಕಾಳಿ ಎಂಬ ಬೇಟೆನಾಯಿಯ ಸ್ಮಾರಕವೂ ಆಗಿದೆ. ಮಣಲೇರನೆಂಬ ವೀರನು ಯುದ್ಧದಲ್ಲಿ ಮೆರೆದು, ಬೇಕಾದುದನ್ನು ಕೇಳೆಂದಾಗ ಆ ನಾಯಿಯನ್ನೇ ಕೇಳಿ ಪಡೆದನು. ಮುಂದೆ ಅದು ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ನಾಯಿ, ಹಂದಿ ಎರಡೂ ಸತ್ತುವು. ಆ ಹೋರಾಟದ ಚಿತ್ರವನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಇನ್ನು ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಸಾರಮೇಯ ವಿನೋದವೆಂದು ನಾಯಿಗಳಿಗೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ನಾಯಿಯ ಲಕ್ಷಣವನ್ನು ನೋಡಿ ಸಂತೋಷಪಡುವ ಅಭ್ಯಾಸವು ಈ ನೆಲಕ್ಕೆ ಹಡಗಿನಲ್ಲಿ ಬಂದಿಳಿದ ಸರಕಲ್ಲ.

ಹಡಗಿನಲ್ಲಿ ಬಂದದ್ದು ಪ್ರದರ್ಶನದ ಕ್ರಮ ಮಾತ್ರ. ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ 1859ರ ಜೂನ್ ತಿಂಗಳಿನಲ್ಲಿ ನಡೆದುದನ್ನು ಮೊದಲನೆಯ ವ್ಯವಸ್ಥಿತ ಶ್ವಾನ ಪ್ರದರ್ಶನವೆಂದು ಹೇಳುವರು. ಅಲ್ಲಿ ಪ್ರವೇಶವಿದ್ದುದು ಪಾಯಿಂಟರ್, ಸೆಟರ್ ಎಂಬ ಎರಡು ಜಾತಿಯ ಬೇಟೆನಾಯಿಗಳಿಗೆ ಮಾತ್ರ. ಬಹುಮಾನವಾಗಿ ಕೊಟ್ಟುದು ಬಂದೂಕು. ಪಾಯಿಂಟರುಗಳ ತೀರ್ಪುಗಾರರೊಬ್ಬರ ಸೆಟರಿಗೂ, ಸೆಟರುಗಳ ತೀರ್ಪುಗಾರರೊಬ್ಬರ ಪಾಯಿಂಟರಿಗೂ ಮೊದಲ ಸ್ಥಾನ ದೊರೆಯಿತೆಂದು ಕೇಳಿ ಯಾರೂ ನಗಬಾರದು. ಎಲ್ಲ ಸಂಸ್ಥೆಗಳ ಬಾಲ್ಯವೂ ಹೀಗೆಯೇ ಇರುವುದು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪಿತವಾದ ಮೇಲೆ ನಿಯಮಗಳೂ ವಂಶಾವಳಿಯ ಪುಸ್ತಕವೂ ಸಿದ್ಧವಾದುವು. ಅದೇ ಮಾದರಿಯು ಕಾಲಕ್ರಮದಲ್ಲಿ ನಮ್ಮ ದೇಶಕ್ಕೂ ಬಂದಿತು.

ಪ್ರದರ್ಶನದಲ್ಲಿ ತೀರ್ಪುಗಾರರು ಮಾಡುವುದೇನು? ಒಂದು ನಾಯಿಯನ್ನು ಪಕ್ಕದ ನಾಯಿಯೊಡನೆ ಹೋಲಿಸಿ ಇದು ಚೆಲುವು, ಅದು ಕುರೂಪವೆಂದು ಹೇಳುವರೆಂದು ಹೊರಗಿನವರು ತಿಳಿಯುತ್ತಾರೆ. ನಿಜವಾಗಿ ಪ್ರತಿಯೊಂದು ತಳಿಗೂ ಬರೆದಿಟ್ಟ ಲಕ್ಷಣವೊಂದುಂಟು. ನಮ್ಮವರ ಅಶ್ವಲಕ್ಷಣ, ಗಜಲಕ್ಷಣಗಳಂತೆಯೇ ಇದು ಶ್ವಾನಲಕ್ಷಣ. ಎದುರಿಗಿರುವ ನಾಯಿಯು ಆ ಲಕ್ಷಣಕ್ಕೆ ಎಷ್ಟು ಸಮೀಪವಾಗಿದೆ ಎಂಬುದೇ ಅಲ್ಲಿಯ ವಿಚಾರ. ಆದುದರಿಂದ ತುಟಿಯೆತ್ತಿ ಹಲ್ಲಿನ ಸಾಲನ್ನು ನೋಡುವರು. ಎದೆಯ ಆಳ, ಹೊಟ್ಟೆಯ ಏರಿಕೆ, ಹಿಂಗಾಲಿನ ಬಾಗು, ಬಾಲದ ನಿಲುವುಗಳನ್ನು ಕೈಯಿಂದ ಸವರಿ ತಿಳಿಯುವರು. ಅನಂತರ ನಾಯಿಯನ್ನು ನಡೆಯಿಸಿ, ಓಡಿಸಿ, ಹೆಜ್ಜೆಯನ್ನು ಪರೀಕ್ಷಿಸುವರು. ವಯಸ್ಸಿಗೆ ತಕ್ಕಂತೆ ಮರಿಗಳಿಗೆ ಬೇರೆ, ಬೆಳೆದುವಕ್ಕೆ ಬೇರೆ ವರ್ಗಗಳಿರುವುವು. ತನ್ನ ತಳಿಯಲ್ಲಿ ಗೆದ್ದ ನಾಯಿಯು ತಳಿಗಳ ಗುಂಪಿಗೂ, ಗುಂಪಿನಲ್ಲಿ ಗೆದ್ದುದು ಇಡೀ ಪ್ರದರ್ಶನದ ಶ್ರೇಷ್ಠ ಪದವಿಗೂ ಏರಿ ಹೋಗುವುದು. ದೊಡ್ಡ ಪ್ರದರ್ಶನಗಳ ಕ್ರಮ ಇದು. ಜಾತ್ರೆ ಮೇಳಗಳಲ್ಲಿ ಇದನ್ನೇ ಸರಳಮಾಡಿ ನಡೆಯಿಸುವರು.

ಹೀಗೆ ಅಪರಿಚಿತನೊಬ್ಬನು ತನ್ನ ಮನೆಯ ಪ್ರಾಣಿಯನ್ನು ಪರೀಕ್ಷಿಸುತ್ತಿರುವಾಗ ಯಜಮಾನನ ಮುಖವನ್ನು ನೋಡಬೇಕು. ಮಗಳ ಸಂಗೀತ ಪರೀಕ್ಷೆಯ ಹೊರಗೆ ಬಾಗಿಲಲ್ಲಿ ನಿಂತ ತಂದೆಯ ಮುಖವೇ ಅದು. ನಮ್ಮದನ್ನು ನಾವು ಪ್ರೀತಿಸುವೆವು, ಸರಿ. ಆದರೆ ನಮ್ಮ ಪ್ರೀತಿಯು ಕುರುಡೋ ಅಲ್ಲವೋ ಎಂದು ತಿಳಿಯುವ ಕುತೂಹಲವು ಎಲ್ಲರಿಗೂ ಇದೆ. ಸಂಬಂಧವಿಲ್ಲದವನೊಬ್ಬನು ಅದನ್ನು ಮೆಚ್ಚಿದರೆ ಆ ಸಂತೋಷಕ್ಕೆ ಎಣೆಯಿಲ್ಲ. ಮೆಚ್ಚದಿದ್ದರೆ? ಮಾಳಮಡ್ಡಿಯಲ್ಲಿರುವ ನಮ್ಮ ಸ್ನೇಹಿತರೊಬ್ಬರು, ನಿವೃತ್ತ ಮಾಸ್ತರರು, ತಮ್ಮ ನಾಯಿಯ ಕಿವಿ ಸರಿಯಿಲ್ಲವೆಂದು ತೀರ್ಪಾದ ದಿನ ಮನೆಗೆ ಬಂದು, “ಅವರಿಗೆ ಕಿವಿ ಕಂಡಾವ, ಅದರ ಗುಣ ಕಂಡಿಲ್ಲ” ಎಂದರು. ಮರುವರ್ಷ ಅದೇ ನಾಯಿಯನ್ನು ಅದೇ ಕಿವಿಯೊಡನೆ ಮತ್ತೆ ಕರೆದೊಯ್ದರು.

ಮಾಸ್ತರರನ್ನು ಮರಳಿ ಎಳೆದುದು ಬಹುಮಾನದ ಆಸೆಯಲ್ಲ. ಪ್ರದರ್ಶನಕ್ಕೆ ಎರಡು ತಿಂಗಳು ಮೊದಲೇ ಅವರ ದಿನಚರಿಯು ಬದಲಾಗುತ್ತದೆ. ಬೆಳಗಿನ ಜಾವ ನಾಯಿಯೊಡನೆ ನಡೆದು, ಅದು ಅಲುಗದೆ ನಿಲ್ಲುವಂತೆಯೂ, ಹಗ್ಗವನ್ನು ಜಗ್ಗದೆ ಜೊತೆಯಲ್ಲಿ ಓಡುವಂತೆಯೂ, ಬೇರೊಬ್ಬರು ಬಾಯಿ ತೆರೆದರೆ ಕಚ್ಚದಂತೆಯೂ ಕಲಿಸುವರು. ಕಲಿಯುವವರು ಇಬ್ಬರು; ನಾಯಿಗಿಂತ ಮಾಸ್ತರರು ನಿಧಾನ. ಹೀಗೆ ದಿನವೂ ಕಣ್ಣಿನಲ್ಲಿ ಕಣ್ಣಿಟ್ಟು ಮಾಡುವ ಕೆಲಸದಲ್ಲಿಯೇ ಮುಖ್ಯವಾದ ಸುಖವಿರುವಂತೆ ತೋರುತ್ತದೆ. ಇದಕ್ಕೆ ಶಾರೀರಿಕವಾದ ಕಾರಣವೂ ಉಂಟು. ನಾಯಿಯೂ ಯಜಮಾನನೂ ಒಬ್ಬರನ್ನೊಬ್ಬರು ದೀರ್ಘವಾಗಿ ನೋಡಿದಾಗ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ರಸವು ಹೆಚ್ಚುವುದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ತಾಯಿಗೂ ಮಗುವಿಗೂ ನಡುವೆ ಮಮತೆಯನ್ನು ಬೆಳೆಸುವ ರಸವೂ ಅದೇ. ಅದೇ ವಿಜ್ಞಾನಿಗಳು ಮನುಷ್ಯರೇ ಸಾಕಿ ಬೆಳೆಸಿದ ತೋಳಗಳನ್ನು ಪರೀಕ್ಷಿಸಿದಾಗ ಈ ಪರಿಣಾಮವು ಕಾಣಲಿಲ್ಲ.

ಇನ್ನೊಂದು ಕಾರಣವನ್ನು ನಮ್ಮ ಪ್ರಾಂತದವರಿಗೆ ವಿವರಿಸಬೇಕಾದುದಿಲ್ಲ. ಕಾರಹುಣ್ಣಿಮೆಯ ದಿನ ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ಜೂಲು ಹೊದಿಸಿ, ಊರ ಮುಂದೆ ಓಡಿಸಿ ಕರಿ ಹರಿಯುವ ರೈತನು ಆ ದಿನ ಎತ್ತಿನಿಂದ ಯಾವ ಲಾಭವನ್ನೂ ಬಯಸುವುದಿಲ್ಲ. ವರ್ಷವೆಲ್ಲ ಮನೆಯ ಹಿಂದೆ ದುಡಿದ ಜೀವವನ್ನು ಒಂದು ದಿನ ಊರೆಲ್ಲ ನೋಡಲಿ ಎಂಬುದೇ ಅವನ ಬಯಕೆ. ಹೊಲವಿಲ್ಲದ, ಎತ್ತಿಲ್ಲದ ಪಟ್ಟಣಿಗನಿಗೆ ಅಂತಹ ದಿನವು ಬೇರೆ ಯಾವುದಿದೆ? ಸಪ್ತಾಪುರದ ಮೂರನೆಯ ಮಾಳಿಗೆಯಲ್ಲಿ ವಾಸಿಸುವವನಿಗೆ ಶ್ವಾನ ಪ್ರದರ್ಶನವೇ ಕಾರಹುಣ್ಣಿಮೆ.

ಈ ಮಾತು ಮುಧೋಳ ನಾಯಿಯ ವಿಷಯದಲ್ಲಿ ಇನ್ನೂ ಹೆಚ್ಚು ಸತ್ಯ. ಕವಿ ರನ್ನನ ಜನ್ಮಸ್ಥಳವಾದ ಮುಧೋಳವು ಸಣ್ಣದೊಂದು ಸಂಸ್ಥಾನದ ರಾಜಧಾನಿಯಾಗಿತ್ತು. ಅಲ್ಲಿಯ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾಯರು ಬಯಲುಸೀಮೆಯ ಬೇಡರೂ ರೈತರೂ ಸಾಕುತ್ತಿದ್ದ ಬೇಟೆನಾಯಿಗಳನ್ನು ಆರಿಸಿ ಬೆಳೆಸಿದರು; ಜೊತೆಯೊಂದನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. ಊರಿನ ಹೆಸರು ನಾಯಿಗೆ ಅಂಟಿದುದು ಹೀಗೆ. ಕಾರವಾನ್ ಎಂಬ ಹೆಸರೂ ಬಳಕೆಯಲ್ಲಿದೆ. ನಿಂತಾಗ ಸುಮಾರು ಎರಡು ಕಾಲು ಅಡಿ ಎತ್ತರ, ಕಿರಿದಾದ ಉದ್ದನೆಯ ತಲೆ, ಆಳವಾದ ಎದೆ, ಮೇಲಕ್ಕೆ ಸೆಳೆದ ಹೊಟ್ಟೆ; ಮೈಯಲ್ಲಿ ಹಿಡಿಯಷ್ಟೂ ಕೊಬ್ಬಿಲ್ಲ. ಇದು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲವೊಂದು ಮಿಸುಕಿದರೆ ಸಾಕಿತ್ತು.

ಆ ಮೊಲದ ಬೇಟೆಯೇ ಇಂದು ನಿಷಿದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಈ ನಾಯಿಯ ಕುಲಕಸುಬು ನಿಂತುಹೋಯಿತು. ಕಾನೂನು ಯೋಗ್ಯವಾದುದೇ, ಆದರೆ ಕಸುಬು ಹೋದ ಜಾತಿಯ ಪಾಡೇನು? ಎತ್ತಿನ ಕೆಲಸವನ್ನು ಯಂತ್ರವು ಕಿತ್ತುಕೊಂಡ ಹಾಗೆಯೇ ಇದೂ ಆಯಿತು. ಕೆಲಸವಿಲ್ಲದ ತಳಿಯನ್ನು ಯಾರೂ ಆರಿಸಿ ಬೆಳೆಸುವುದಿಲ್ಲ. ಕಂಡ ಕಂಡ ನಾಯಿಗಳೊಡನೆ ಬೆರೆತು ಅದು ಕೆಲವು ತಲೆಮಾರುಗಳಲ್ಲಿ ಕಾಣದಾಗುವುದು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವು ಸ್ಥಾಪಿತವಾದುದು ಇದನ್ನು ತಡೆಯುವುದಕ್ಕಾಗಿಯೇ. 2005ರಲ್ಲಿ ಅಂಚೆಯ ಇಲಾಖೆಯವರು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದರು. 2016ರಲ್ಲಿ ಇದರ ಮರಿಗಳು ಮೀರತ್ತಿನಲ್ಲಿರುವ ಸೈನ್ಯದ ಶಿಕ್ಷಣ ಕೇಂದ್ರಕ್ಕೆ ಹೋದುವು. ಇವು ಗೌರವಗಳು. ಆದರೆ ಹಳ್ಳಿಯಲ್ಲಿ ಮರಿಗಳನ್ನು ಸಾಕಿ ಮಾರುವ ಕುಟುಂಬಕ್ಕೆ ಅಂಚೆಚೀಟಿಯಿಂದ ಹೊಟ್ಟೆ ತುಂಬದು. ತನ್ನ ನಾಯಿಯು ಶುದ್ಧವಾದುದೆಂದು ನಾಲ್ಕು ಜನರೆದುರಿಗೆ ಸಿದ್ಧವಾಗುವ ಸ್ಥಳವು ಅವರಿಗೆ ಬೇಕು. ಧಾರವಾಡದ ಅಂಗಳದಲ್ಲಿ ಪಟಗಾ ಸುತ್ತಿಕೊಂಡು ನಿಂತವನ ಹೆಮ್ಮೆಯಲ್ಲಿ ಮುಂದಿನ ಸೂಲಿನ ಮರಿಗಳ ಬೆಲೆಯೂ ಸೇರಿದೆ. ಅದನ್ನು ಕೀಳೆಂದು ನಾವು ತಿಳಿಯುವುದಿಲ್ಲ.

ಪ್ರದರ್ಶನಗಳ ದೋಷವನ್ನು ಮರೆಮಾಚಿದರೆ ಕೇಳುಗರಿಗೆ ಅನ್ಯಾಯವಾದೀತು. ರೂಪಕ್ಕೆ ಬಹುಮಾನ ಕೊಡುತ್ತ ಹೋದರೆ ರೂಪವು ಅತಿಯಾಗುವುದು. ಮೂತಿ ಚಪ್ಪಟೆಯಾದಷ್ಟೂ ಚೆಲುವೆಂದು ಆರಿಸಿ ಆರಿಸಿ, ಪಗ್ ಮತ್ತು ಬುಲ್‌ಡಾಗ್ ತಳಿಗಳ ಅನೇಕ ನಾಯಿಗಳು ಉಸಿರಾಡುವುದಕ್ಕೇ ಕಷ್ಟಪಡುವ ಸ್ಥಿತಿಗೆ ಬಂದಿವೆ. ನಾಯಿಯು ಬೆವರಿ ತಣ್ಣಗಾಗುವ ಪ್ರಾಣಿಯಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಮೂತಿಯನ್ನೇ ಮೊಟಕುಮಾಡಿದರೆ ಆ ದಾರಿಯೂ ಕಟ್ಟಿದಂತೆ. ಸೈಬೀರಿಯದ ಹಿಮಕ್ಕಾಗಿ ಹುಟ್ಟಿದ ಹಸ್ಕಿ ನಾಯಿಯನ್ನು ಹುಬ್ಬಳ್ಳಿಯ ಏಪ್ರಿಲ್ ತಿಂಗಳಿನಲ್ಲಿ ಸಾಕುವುದಂತೂ ಪ್ರಾಣಿಯ ಮೇಲಿನ ಪ್ರೀತಿಯೆಂದು ನಮಗೆ ತೋರುವುದಿಲ್ಲ; ಪಕ್ಕದ ಮನೆಯವರ ಮೇಲಿನ ಪೈಪೋಟಿ ಅದು. ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ಮೈಯುಳ್ಳ ನಾಯಿಯು ಐವತ್ತು ಹರದಾರಿಯ ಒಳಗೇ ಇದೆ. ಆದರೆ ಅದಕ್ಕೂ ಓಡಲು ಬಯಲು ಬೇಕು. ಕೊಠಡಿಯಲ್ಲಿ ಸರಪಳಿ ಹಾಕಿಟ್ಟು ವರ್ಷಕ್ಕೊಮ್ಮೆ ಪ್ರದರ್ಶನಕ್ಕೆ ಒಯ್ದರೆ ಅದೂ ಕ್ರೌರ್ಯವೇ.

ಹೋಗಬೇಕೆಂದಿರುವವರಿಗೆ ಒಂದೆರಡು ಸೂಚನೆಗಳು. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಪತ್ರವನ್ನು ಜೊತೆಯಲ್ಲಿ ಒಯ್ಯಿರಿ. ಹೊರಡುವ ಮೊದಲು ಹೊಟ್ಟೆ ತುಂಬ ಉಣಿಸಬೇಡಿರಿ; ಕುಡಿಯುವ ನೀರನ್ನೂ ಒಂದು ಪಾತ್ರೆಯನ್ನೂ ನೀವೇ ತೆಗೆದುಕೊಂಡು ಹೋಗಿ, ತಲುಪಿದೊಡನೆ ನೆರಳು ಹಿಡಿಯಿರಿ. ಬೇರೆಯವರ ನಾಯಿಯನ್ನು ಮುಟ್ಟುವ ಮೊದಲು ಯಜಮಾನರನ್ನು ಕೇಳುವುದು ಮರ್ಯಾದೆಯೂ ಹೌದು, ಕ್ಷೇಮವೂ ಹೌದು. ನಿಮ್ಮ ನಾಯಿಯು ಬಾಲವನ್ನು ಕಾಲ ಸಂದಿಗೆ ಸೇರಿಸಿ, ತುಟಿ ನೆಕ್ಕುತ್ತ, ಗದ್ದಲಕ್ಕೆ ನಡುಗುತ್ತಿದ್ದರೆ ನಿಮ್ಮ ಸರದಿಯನ್ನು ಕಾಯದೆ ಮನೆಗೆ ಕರೆತನ್ನಿರಿ. ಮಾಸ್ತರರ ನಾಯಿಯು ಹಾಗಲ್ಲ. ಪ್ರದರ್ಶನದ ಹಗ್ಗವನ್ನು ಗೂಟದಿಂದ ತೆಗೆದರೆ ಸಾಕು, ಬಾಗಿಲಿಗೆ ಬಂದು, ಆ ಸರಿಯಿಲ್ಲದ ಕಿವಿಯನ್ನು ನಿಮಿರಿಸಿಕೊಂಡು ನಿಲ್ಲುವುದು.