ಕಥೆಯ ಸಂವಿಧಾನ: ಅರಿವಿನ ಅನುಕ್ರಮ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿ ಕನ್ನಡದಲ್ಲಿ ಕಥೆ ಬರೆಯುತ್ತಿರುವ ಕಿರಿಯರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಬರೆಯಲು ತೊಡಗುವ ಮುನ್ನ ಕಥೆಯನ್ನು ಪೂರ್ತಿಯಾಗಿ ಯೋಜಿಸಿಕೊಳ್ಳಬೇಕೆ, ಅಥವಾ ಬರೆಯುತ್ತ ಹೋದಂತೆ ಅದು ತಾನೇ ರೂಪುಗೊಳ್ಳಬೇಕೆ? ಉತ್ತರಿಸುವ ಮೊದಲು ಯೋಜನೆಯೆಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ.

ಘಟನೆಗಳು ನಡೆದ ಕ್ರಮ ಬೇರೆ, ಅವು ಓದುಗನ ಅರಿವಿಗೆ ಬರುವ ಕ್ರಮ ಬೇರೆ. ಸಂವಿಧಾನವು ಎರಡನೆಯದಕ್ಕೆ ಸಂಬಂಧಿಸಿದ್ದು. ಪ್ರಾಚೀನ ನಾಟ್ಯಮೀಮಾಂಸಕರು ಇತಿವೃತ್ತವನ್ನು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಂಬ ಐದು ಸಂಧಿಗಳಾಗಿ ವಿಂಗಡಿಸಿದರು. ಮೊದಲಲ್ಲಿ ಬಿತ್ತಿದ ಬೀಜವು ನಡುವೆ ಕಂಡೂ ಕಾಣದಂತಾಗಿ ಕೊನೆಗೆ ಫಲಿಸುತ್ತದೆಂಬುದು ಈ ವಿಂಗಡಣೆಯ ತಿರುಳು.

ಜನ್ನನ ‘ಯಶೋಧರ ಚರಿತೆ’ಯನ್ನು (1209) ನೋಡಬಹುದು. ಮಾರಿದತ್ತನು ಬಲಿಗೆಂದು ತರಿಸಿದ ಅಭಯರುಚಿಯೇ ಅಲ್ಲಿ ಕಥೆ ಹೇಳುವವನು. ಹಿಟ್ಟಿನ ಕೋಳಿಯ ಬಲಿಯಿಂದ ಜನ್ಮಾಂತರಗಳಿಗೆ ಹಬ್ಬಿದ ಯಾತನೆಯನ್ನು ಅವನು ಬಲ್ಲ, ಅರಸನು ಅರಿಯ. ಕಥೆ ಮುಗಿಯುವಷ್ಟರಲ್ಲಿ ಕೊಲ್ಲಲು ನಿಂತವನ ಅಜ್ಞಾನ ಕಳೆಯುತ್ತದೆ, ಬಲಿ ನಿಲ್ಲುತ್ತದೆ. ಬಲ್ಲವನು ಅರಿಯದವನಿಗೆ ಹೇಳುವುದೇ ಇಲ್ಲಿಯ ಸಂವಿಧಾನ.

ಏಳೂವರೆ ಶತಮಾನಗಳ ತರುವಾಯ ಮುಂಬಯಿಯ ಯಶವಂತ ಚಿತ್ತಾಲರು ‘ಶಿಕಾರಿ’ಯಲ್ಲಿ (1979) ಈ ಕ್ರಮವನ್ನು ತಿರುವುಮುರುವಾಗಿಸಿದರು. ನಾಯಕ ನಾಗಪ್ಪನಿಗೆ ತನ್ನ ಮೇಲಿನ ಆರೋಪವೇನೆಂಬುದೇ ತಿಳಿಯದು, ಓದುಗನಿಗೂ ತಿಳಿಯದು. ಇಬ್ಬರೂ ಒಂದೇ ಕತ್ತಲಲ್ಲಿ ತಡಕಾಡುತ್ತಾರೆ. ಜಯಂತ ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ದಲ್ಲಿ ಮದುಮಗನನ್ನು ಹೊತ್ತ ಕುದುರೆಯೇ ಮೆರವಣಿಗೆಯನ್ನು ಬಿಟ್ಟು ಓಡುತ್ತದೆ. ಇಂಥ ಕಡೆ ಒಂದು ಘಟನೆಯೇ ಬೀಜವಾಗಿ, ಮುಂದಿನದು ಅದರ ಬೆನ್ನುಹತ್ತುತ್ತದೆ.

ಮಹಾನಗರದ ಬದುಕಿಗೆ ಈ ಅರೆ ಅರಿವಿನ ಕ್ರಮ ಸಹಜವಾಗಿ ಒದಗುತ್ತದೆ. 1853ರಲ್ಲಿ ಥಾಣೆಗೆ, 1854ರಲ್ಲಿ ಕಲ್ಯಾಣಕ್ಕೆ (ಇದು ಬಸವಣ್ಣನವರ ಕಲ್ಯಾಣವಲ್ಲ) ರೈಲು ಬಂದಿತು. 2004ರಲ್ಲಿ ಥಾಣೆ–ವಾಶಿ ಮಾರ್ಗ ತೆರೆಯಿತು. ಡೊಂಬಿವಲಿಯಿಂದ ಹೊರಟು, ಥಾಣೆಯಲ್ಲಿ ಗಾಡಿ ಬದಲಿಸಿ, ವಾಶಿಗೆ ಹೋಗುವ ಮಹಿಳೆಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮೂವರು ಕೂರುವ ಆಸನದ ಅಂಚಿನಲ್ಲಿ, ‘ನಾಲ್ಕನೇ ಸೀಟಿ’ನಲ್ಲಿ, ದಿನವೂ ತನಗೆ ಎಡೆಮಾಡಿಕೊಡುವ ಸಹಪ್ರಯಾಣಿಕೆಯ ಊಟದ ಡಬ್ಬಿಯಲ್ಲಿ ಏನಿರುತ್ತದೆಂಬುದನ್ನು ಅವಳು ಬಲ್ಲಳು, ಮನೆ ಎಲ್ಲಿಯೆಂಬುದನ್ನು ಅರಿಯಳು. ಒಂದು ದಿನದಿಂದ ಆ ಸಹಪ್ರಯಾಣಿಕೆ ಕಾಣಿಸುವುದಿಲ್ಲ. ಕಥೆ ಇಲ್ಲಿಂದ ಆರಂಭವಾಗಬಹುದು. ಆಕೆಗೆ ಏನಾಯಿತೆಂದು ಮೊದಲೇ ಹೇಳಿಬಿಟ್ಟರೆ ಉಳಿಯುವುದು ಕೇವಲ ವರದಿ. ಹುಡುಕುವವಳಿಗೆ ತಿಳಿದಷ್ಟನ್ನೇ ಓದುಗನಿಗೂ ತಿಳಿಸಿದರೆ, ಇಷ್ಟು ಹತ್ತಿರ ಕುಳಿತೂ ನಾವು ಪರಸ್ಪರ ಎಷ್ಟು ಅಪರಿಚಿತರೆಂಬ ಸತ್ಯ ತಾನಾಗಿಯೇ ಹೊಳೆಯುತ್ತದೆ.

ಹೊರನಾಡಿನ ಲೇಖಕನಿಗೆ ಇಲ್ಲೊಂದು ವಿಶೇಷ ಅಪಾಯವುಂಟು. ಅವನ ಓದುಗರಲ್ಲಿ ಬಹುಮಂದಿ ಈ ಗಾಡಿಗಳನ್ನು ಕಂಡವರಲ್ಲ. ಆದ್ದರಿಂದ ಅವನು ಮೊದಲ ಎರಡು ಪುಟಗಳನ್ನು ನಗರದ ವಿವರಣೆಗೇ ವ್ಯಯಿಸುತ್ತಾನೆ. ನಮಗೆ ಓದಲು ಬರುವ ಹಸ್ತಪ್ರತಿಗಳಲ್ಲಿ ಅನೇಕವು ಸೊರಗುವುದು ಇಲ್ಲಿಯೇ. ಚಂಪೂ ಕವಿಗಳ ಅಷ್ಟಾದಶ ವರ್ಣನೆಗಳನ್ನು ಕಥೆಗೆ ಭಾರವೆಂದು ಆಕ್ಷೇಪಿಸುವ ನಾವು ಅದೇ ತಪ್ಪನ್ನು ಗದ್ಯದಲ್ಲಿ ಮಾಡಬಾರದು. ನಾಲ್ಕನೇ ಸೀಟೆಂದರೇನೆಂಬುದನ್ನು ಟಿಪ್ಪಣಿ ತಿಳಿಸಬೇಕಿಲ್ಲ, ಆ ಸೀಟು ಖಾಲಿಯಾದ ದಿನ ಕಥೆಯೇ ತಿಳಿಸಬೇಕು.

ಹೀಗಾಗಿ ಆರಂಭದ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ಘಟನೆಗಳು ಬರೆಯುತ್ತ ಒದಗಲಿ, ಅಂತ್ಯವೂ ಬದಲಾಗಲಿ. ಆದರೆ ಯಾರಿಗೆ, ಯಾವಾಗ, ಎಷ್ಟು ತಿಳಿಯಬೇಕೆಂಬುದನ್ನು ಕಥೆಗಾರನು ನಿರ್ಧರಿಸಿಕೊಂಡಿರಲೇಬೇಕು. ಯೋಜನೆಯೆಂದರೆ ಅದೇ.